ಬಾಯಿಪಾಠ ಯಾಕೆ ಬೇಕು?

ಗೋವಿಂದರಾಜನಗರದ ನಮ್ಮ ಅಜ್ಜಿಗೆ ಓದು ಬರಲ್ಲ. ಆದರೂ ಬಸವಣ್ಣನವರ ವಚನಗಳು ಬಾಯಿಪಾಠ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದರು. ಓದು ಬಾರದವರಿಗೆ ಮಾತ್ರ ನಾಲಿಗೆಯೇ ಓಲೆಗರಿ.

ಯಹೂದಿಗಳಲ್ಲೂ ಹೀಗೇ. ಅವರ ‘ಮಿಷ್ನಾ’ ಎಂಬ ಧರ್ಮಗ್ರಂಥ ಸುಮಾರು ಕ್ರಿ.ಶ. 200ರಲ್ಲಿ ಒಂದು ರೂಪಕ್ಕೆ ಬಂತು. ಅದರ ಮಾತುಗಳನ್ನು ಗುರುಗಳು ಶಿಷ್ಯರಿಗೆ ಬಾಯಿಂದಲೇ ಕಲಿಸುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಬಾಯಿಪಾಠಕ್ಕೆ ‘ಬೆ ಅಲ್ ಪೆ’ ಅಂತಾರೆ. ‘ಪೆ’ ಅಂದರೆ ಬಾಯಿ!

ಮಗ್ಗಿಯ ಹಾಗೆ ಒಪ್ಪಿಸಿದರೆ ಪುಣ್ಯ ಬರುತ್ತಾ ಅಂತ ನಾನೂ ಕೇಳಿದ್ದೆ. ಒಮ್ಮೆ ಗೆಳೆಯನ ಪೆನ್ನನ್ನು ಕೇಳದೆ ಜೇಬಿಗಿಟ್ಟೆ. ರಾತ್ರಿ, ಕಳವು ಬೇಡವೆನ್ನುವ ವಚನ ತಾನಾಗೇ ನಾಲಿಗೆಗೆ ಬಂತು. ಪುಸ್ತಕವಾಗಿದ್ದರೆ ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಪೆನ್ನು ವಾಪಸ್ ಕೊಟ್ಟೆ.