ಮೆತ್ತಗಾದ ಪೆಡಲ್

ಇಂಗ್ಲೆಂಡಿನ ಕೆಂಟ್ ಜಿಲ್ಲೆಯ ಬ್ರಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಅದು ನನ್ನ ಏಳನೇ ಸುತ್ತು. ಡ್ರೂಯಿಡ್ಸ್ ತಿರುವು ಹತ್ತಿರ ಬಂತೆಂದು ಬ್ರೇಕ್ ಒತ್ತಿದರೆ ಪೆಡಲ್ ಹಣ್ಣು ಪಪ್ಪಾಯಿಯ ಹಾಗೆ ಮೆತ್ತಗೆ ಒಳಗೆ ಹೋಯಿತು. ಮೂರ್ನಾಲ್ಕು ಸಲ ಪಟಪಟ ತುಳಿದ ಮೇಲೆ ಒಂದಿಷ್ಟು ಹಿಡಿತ ಸಿಕ್ಕಿತು. ಕಾರು ತಿರುವು ದಾಟಿ ಆಚೆ ಹೋಗಿ ನಿಂತಿತು. ಕೈ ನಡುಗುತ್ತಿತ್ತು.

ನನ್ನದು ಕೇಟರ್‌ಹ್ಯಾಮ್ ಸೆವೆನ್. 1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ತಂದ ಸೆವೆನ್ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ 1973ರಲ್ಲಿ ಪಡೆದು, ಅದೇ ಹಳೆಯ ರೂಪದಲ್ಲಿ ಇವತ್ತಿಗೂ ಕಟ್ಟುತ್ತಿದೆ. ನಮ್ಮ ಮಾರುತಿ 800ಗಿಂತಲೂ ಹಗುರ. ಎಬಿಎಸ್ ಇಲ್ಲ, ಬ್ರೇಕಿಗೆ ಬೂಸ್ಟರ್ ಇಲ್ಲ. ಕಾಲಿನ ಬಲವೇ ಬಲ.

ಅವತ್ತು ಸಂಜೆಯೇ ನಾಲ್ಕು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಹಾಕಿಸಬೇಕೆಂದು ಹೊರಟಿದ್ದೆ. ಪಕ್ಕದ ಶೆಡ್ಡಿನ ಹಿರಿಯ ಮೆಕ್ಯಾನಿಕ್ ಒಂದೇ ಪ್ರಶ್ನೆ ಕೇಳಿದರು: "ಪೆಡಲ್ ಮೆತ್ತಗಾಯಿತೋ, ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವೋ?" ರೋಗ ಗೊತ್ತಾಗುವುದೇ ಅಲ್ಲಿ. ಪೆಡಲ್ ಗಟ್ಟಿಯಾಗಿದ್ದೂ ಹಿಡಿಯದಿದ್ದರೆ ಪ್ಯಾಡ್ ಕಾದು ಸೋತಿದೆ. ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿದಿದೆ. ಕುದಿದಾಗ ಎದ್ದ ಗುಳ್ಳೆಗಳು ಅದುಮಿದರೆ ಅದುಮಿಕೊಳ್ಳುತ್ತವೆ, ಕಾಲಿನ ಒತ್ತಡ ಚಕ್ರಕ್ಕೆ ತಲುಪುವುದೇ ಇಲ್ಲ.

ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಕಾವು ಏರುವುದೂ ಬೇಗ: ವೇಗ ಎರಡು ಪಟ್ಟಾದರೆ ನಿಲ್ಲಿಸುವಾಗ ಹುಟ್ಟುವ ಶಾಖ ನಾಲ್ಕು ಪಟ್ಟು. ನನ್ನ ಕಾರಿನ ಆಯಿಲ್ ಮೂರು ವರ್ಷ ಹಳೆಯದು.

ಮೊದಲು ಹೊಸ ಆಯಿಲ್ ತುಂಬಿಸಿ, ನಾಲ್ಕೂ ಚಕ್ರದ ಬ್ರೇಕ್ ಲೈನಿನಿಂದ ಗಾಳಿಗುಳ್ಳೆ ತೆಗೆಸಿದೆ. ಆಮೇಲೆ ಹೆಚ್ಚು ಕಾವು ತಾಳುವ ಪ್ಯಾಡ್, ಉಬ್ಬದಂತೆ ಸ್ಟೀಲ್ ಹೆಣೆದ ಬ್ರೇಕ್ ಹೋಸ್ ಹಾಕಿಸಿದೆ. ಕ್ಯಾಲಿಪರ್ ಹಳೆಯದೇ ಇದೆ. ಆ ಪ್ಯಾಡ್ ತಣ್ಣಗಿದ್ದಾಗ ಅಷ್ಟಾಗಿ ಹಿಡಿಯದು, ಕೀಚಲು ಸದ್ದು ಬೇರೆ. ಮೊದಲ ಸುತ್ತಿನಲ್ಲಿ ಎಚ್ಚರ ಬೇಕು.

ಇನ್ನು ಟಯರ್. ಬ್ರೇಕ್ ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟಯರ್. ನನ್ನ ಟಯರಿನಲ್ಲಿ ನೋಡುವುದಕ್ಕೆ ಪಟ್ಟೆ ಚೆನ್ನಾಗಿಯೇ ಇತ್ತು. ಆದರೆ ಬದಿಯ ನಾಲ್ಕಂಕಿ ಓದಿದರೆ (ಮೊದಲೆರಡು ವಾರ, ಕೊನೆಯೆರಡು ವರ್ಷ) ಒಂಬತ್ತು ವರ್ಷದ್ದು! ರಬ್ಬರು ಹಲಗೆಯಾಗಿತ್ತು. ಮೆದು ರಬ್ಬರಿನ ಹೊಸ ಟಯರ್ ಹಾಕಿ, ತಣ್ಣಗಿದ್ದಾಗ 18 ಪಿಎಸ್‌ಐ ಗಾಳಿ ತುಂಬಿಸಿದೆ. ಇಷ್ಟು ಹಗುರದ ಕಾರಿಗೆ ಅಷ್ಟು ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಟಯರ್ ಬಿಗಿಯಾಗಿ ಕಚ್ಚಿದಷ್ಟೂ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ. ಅದು ಮುಂದಿನದಕ್ಕಿಂತ ಮೊದಲೇ ಲಾಕ್ ಆದರೆ ಕಾರು ಗಿರ್ರನೆ ತಿರುಗುತ್ತದೆ. ಆದ್ದರಿಂದ ಖಾಲಿ ಜಾಗದಲ್ಲಿ ನಿಧಾನದಿಂದ ಶುರುಮಾಡಿ ಹತ್ತಾರು ಸಲ ಬ್ರೇಕ್ ಹಾಕಿ ನೋಡಿದೆ. ಬರೀ ಹಿಂದಿನ ಬ್ರೇಕನ್ನು ದೊಡ್ಡದು ಮಾಡಿಸಲು ಹೊರಟವರನ್ನು ಕಂಡರೆ ನಾನು ಈಗ ತಡೆಯುತ್ತೇನೆ.

ಟ್ರ್ಯಾಕಿಗೆ ಹೋಗದವರಿಗೂ ಒಂದು ಮಾತು. ಚಾರ್ಮಾಡಿ, ಆಗುಂಬೆ ಘಾಟಿ ಇಳಿಯುವ ಕಾರಿನಲ್ಲೂ ಇದೇ ಆಯಿಲ್, ಇದೇ ಕಾವು. ಹತ್ತಿದ ಗೇರಿನಲ್ಲೇ ಇಳಿಯಿರಿ. ಮುಂದಿನ ಸರ್ವಿಸ್‌ನಲ್ಲಿ ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ಕೇಳಿ. ಎರಡು ವರ್ಷ ದಾಟಿದ್ದರೆ ಅವತ್ತೇ ಬದಲಿಸಿ.