ಎತ್ತರವೇ ಮುಳುವಾದ ದೀಪದ ಮನೆ

ದೀಪಸ್ತಂಭ ಎತ್ತರದಲ್ಲಿದ್ದಷ್ಟೂ ಅದರ ಬೆಳಕು ಹೆಚ್ಚು ದೂರಕ್ಕೆ ಕಾಣುತ್ತದೆ. ಭೂಮಿ ಗುಂಡಗಿರುವುದೇ ಇದಕ್ಕೆ ಕಾರಣ. ಶಾಲಾ ಮಕ್ಕಳೂ ಬಲ್ಲ ಈ ಲೆಕ್ಕವನ್ನು ನಂಬಿ ಕಟ್ಟಿದ ದೀಪಸ್ತಂಭವೊಂದು ನಲವತ್ತು ವರ್ಷವೂ ಬಾಳಲಿಲ್ಲ!

ಅಮೆರಿಕದ ಸ್ಯಾನ್ ಡಿಯಾಗೊ ಬಂದರಿನ ಬಾಯಲ್ಲಿ ಪಾಯಿಂಟ್ ಲೋಮಾ ಎಂಬ ಭೂಶಿರವಿದೆ. ಸಮುದ್ರಮಟ್ಟದಿಂದ 422 ಅಡಿ ಎತ್ತರದ ಅದರ ನೆತ್ತಿಯ ಮೇಲೆ ಮರಳುಗಲ್ಲಿನ ಪುಟ್ಟ ಮನೆ. ಮನೆಯ ನಡುವಿನಿಂದಲೇ ಮೇಲೆದ್ದ ಗೋಪುರ. 1855ರ ನವೆಂಬರ್ 15ರ ಸಂಜೆ ಅಲ್ಲಿ ಮೊದಲ ದೀಪ ಬೆಳಗಿತು. ಅಷ್ಟು ಎತ್ತರದಿಂದ ದಿಗಂತ ಸುಮಾರು 40 ಕಿ.ಮೀ. ದೂರ. ಫ್ರೆನೆಲ್ ಮಸೂರ ಬೆಳಕನ್ನು ಚದುರಗೊಡದೆ ಕಡಲಿನತ್ತ ಕಳಿಸುತ್ತಿತ್ತು.

ಎಲ್ಲ ಸರಿ, ಮಂಜಿನ ಗತಿ? ಅಲ್ಲಿನ ಕಡಲು ತಣ್ಣಗಿನದು. ಅದರ ಮೇಲಿನ ತೇವದ ಗಾಳಿ ತಂಪಾಗಿ ಮೋಡವಾಗುತ್ತದೆ. ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕುಳಿತಿರುವುದರಿಂದ ಈ ಮೋಡ ಮೇಲೇರಲಾರದು. ಹೀಗಾಗಿ ಎಷ್ಟೋ ರಾತ್ರಿ ಕೆಳಗೆ ಕಡಲು ತಿಳಿಯಾಗಿದ್ದರೂ ದೀಪ ಮಾತ್ರ ಮೋಡದೊಳಗೆ! ಅಂಥ ರಾತ್ರಿಗಳಲ್ಲಿ ಹಡಗುಗಳನ್ನು ಎಚ್ಚರಿಸಲು ಕಾವಲುಗಾರ ಬಂದೂಕು ಹಾರಿಸಿದ್ದೂ ಉಂಟು.

ಇಲ್ಲಿ ಹೆಚ್ಚು ಕಾಲ ಸಂಸಾರ ಹೂಡಿದವರು ರಾಬರ್ಟ್ ಇಸ್ರೇಲ್ ದಂಪತಿ. ಪತ್ನಿ ಮರಿಯಾ ಬರೀ ಗೃಹಿಣಿಯಲ್ಲ, ಕೆಲವು ವರ್ಷ ಸರ್ಕಾರಿ ಸಂಬಳದ ಸಹಾಯಕ ಕಾವಲುಗಾರ್ತಿ ಕೂಡ. ಗುಡ್ಡದ ಮೇಲೆ ನೀರಿಗೆ ಬರ. ಮಳೆನೀರನ್ನು ತೊಟ್ಟಿಯಲ್ಲಿ ಕೂಡಿಟ್ಟುಕೊಳ್ಳಬೇಕು. ಮಕ್ಕಳು ಕೊಲ್ಲಿಯಲ್ಲಿ ದೋಣಿ ಹುಟ್ಟುಹಾಕಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದರು. ಕೊನೆಗೆ 1891ರ ಮಾರ್ಚ್ 23ರಂದು ಇಸ್ರೇಲ್ ಅವರೇ ದೀಪ ಆರಿಸಿದರು. ಹೊಸ ಸ್ತಂಭ ಗುಡ್ಡದ ಬುಡದಲ್ಲಿ, ನೀರಿನ ಹತ್ತಿರ ಎದ್ದಿತು.

ಪಾಳುಬಿದ್ದ ಮನೆಗೆ ಇನ್ನೊಂದು ಗಂಡಾಂತರ ಕಾದಿತ್ತು. 1542ರಲ್ಲಿ ಈ ಕೊಲ್ಲಿಗೆ ಬಂದ ನಾವಿಕ ಕಬ್ರಿಲ್ಲೊನ ಭಾರಿ ಪ್ರತಿಮೆಗಾಗಿ ಅದನ್ನು ಕೆಡವಬೇಕೆಂಬ ಸಲಹೆ 1913ರಲ್ಲಿ ಬಂತು. ಆ ವರ್ಷವೇ ಸ್ಥಳವೇನೋ ರಾಷ್ಟ್ರೀಯ ಸ್ಮಾರಕವಾಯಿತು. ಆದರೆ ಆ ಪ್ರತಿಮೆ ಮೇಲೇಳಲಿಲ್ಲ, ಮನೆ ಉಳಿಯಿತು! 1935ರಲ್ಲಿ ಅದರ ದುರಸ್ತಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಕಣ್ಣಿಗೆ ಬೀಳದಿರಲೆಂದು ಅದಕ್ಕೆ ಹಸಿರು ಬಣ್ಣ ಬಳಿದು, ಸೈನ್ಯದ ಸಂಕೇತ ಕೇಂದ್ರವಾಗಿ ಬಳಸಿಕೊಂಡರು.

ಈಗ ಅದು ವಸ್ತುಸಂಗ್ರಹಾಲಯ. ಕೋಣೆಗಳು 1880ರ ದಶಕದಲ್ಲಿ ಇದ್ದ ರೀತಿಯಲ್ಲೇ ಸಜ್ಜಾಗಿವೆ. ಪಕ್ಕದಲ್ಲಿ ಮತ್ತೆ ಕಟ್ಟಿದ ಸಹಾಯಕನ ವಸತಿಯಲ್ಲಿ ಕೆಳಗಿನ ಹೊಸ ದೀಪಸ್ತಂಭದ ಮಸೂರವನ್ನೂ ನೋಡಬಹುದು.