ಜೋಡಿ ಪ್ಯಾರಾಗ್ಲೈಡರ್: ಕೊಡಗಿನ ಸಾಹಸ ಪ್ರವಾಸೋದ್ಯಮಕ್ಕೊಂದು ತರಬೇತಿ ಸಾಧನ

ಕಾಫಿ ಮತ್ತು ಕರಿಮೆಣಸಿನ ಬೆಲೆಯ ಏರಿಳಿತಗಳ ನಡುವೆ ಪ್ರವಾಸೋದ್ಯಮವು ಕೊಡಗಿನ ಅನೇಕ ಕುಟುಂಬಗಳಿಗೆ ಎರಡನೆಯ ಆಸರೆಯಾಗಿದೆ. ಪೊನ್ನಂಪೇಟೆಯ ಮೈಕ್ರೋಲೈಟ್ ಹಾರಾಟದಿಂದ ಗಗನವಿಹಾರವೂ ಜಿಲ್ಲೆಗೆ ಪರಿಚಿತವಾಗಿದೆ. ಈಗ ಪ್ಯಾರಾಗ್ಲೈಡಿಂಗ್‌ನತ್ತ ಒಲವು ತೋರುವ ಉದ್ಯಮಿಗಳು, ಇಬ್ಬರನ್ನು ಹೊರುವ ರೆಕ್ಕೆಯನ್ನು ಕೇವಲ ಸವಾರಿಯ ಸಾಧನವೆಂದು ಭಾವಿಸದೆ, ಶಿಕ್ಷಣದ ಸಾಧನವೆಂದು ಪರಿಗಣಿಸುವುದು ಲಾಭದಾಯಕ.

ರಚನೆ ಮತ್ತು ಕಾರ್ಯವಿಧಾನ

ಒಬ್ಬರ ರೆಕ್ಕೆಯ ವಿಸ್ತೀರ್ಣ ಸಾಮಾನ್ಯವಾಗಿ 22ರಿಂದ 30 ಚದರ ಮೀಟರ್. ಜೋಡಿ ರೆಕ್ಕೆಯದು ಸುಮಾರು 40. ಕಲಿಯುವವನು ಮುಂದೆ, ಶಿಕ್ಷಕನು ಹಿಂದೆ ಕುಳಿತಿರುತ್ತಾರೆ. ತರಬೇತಿಗೆ ಒಪ್ಪುವ ರೆಕ್ಕೆಯು ನಿಧಾನಗತಿಯಲ್ಲಿ ಮೇಲೇಳಬೇಕು, ಗಾಳಿಯ ಹೊಡೆತದಿಂದ ಮಡಚಿದರೆ ತಾನಾಗಿಯೇ ತೆರೆದುಕೊಳ್ಳಬೇಕು, ಹಗುರ ಹಾಗೂ ಭಾರದ ವಿದ್ಯಾರ್ಥಿಗಳಿಬ್ಬರಿಗೂ ಹೊಂದಬೇಕು. ಎತ್ತರದಲ್ಲಿ ಶಿಕ್ಷಕನು ಬ್ರೇಕ್ ಹಿಡಿಗಳನ್ನು ವಿದ್ಯಾರ್ಥಿಗೆ ಒಪ್ಪಿಸಿ ತಿರುವುಗಳನ್ನು ಕಲಿಸುತ್ತಾನೆ. ಅಗತ್ಯ ಬಿದ್ದೊಡನೆ ಹಿಂಪಡೆಯುತ್ತಾನೆ. ಆದರೆ ನೆಲದ ಮೇಲೆ ರೆಕ್ಕೆ ನಿಭಾಯಿಸುವ ಅಭ್ಯಾಸಕ್ಕೆ ಇದು ಬದಲಿಯಲ್ಲ.

ನೆಲ ಮತ್ತು ಹವೆ

1748 ಮೀಟರ್ ಎತ್ತರದ ತಡಿಯಂಡಮೋಳ್‌ನಂತಹ ಶಿಖರಗಳಿವೆಯೆಂದ ಮಾತ್ರಕ್ಕೆ ಎಲ್ಲೆಡೆ ಹಾರಲಾಗದು. ಬೆಟ್ಟಗಳ ಬಹುಭಾಗ ಅರಣ್ಯಕ್ಕೆ ಸೇರಿದ್ದು, ಅನುಮತಿ ಅವಶ್ಯ. ಕಾಫಿ ತೋಟದ ಎತ್ತರದ ನೆರಳು ಮರಗಳ ನಡುವೆ ಇಳಿಯುವುದು ಅಪಾಯಕರ. ಕೊಯ್ಲು ಮುಗಿದ ಭತ್ತದ ಗದ್ದೆಗಳೇ ಇಳಿಯಲು ಯೋಗ್ಯವಾದ ಬಯಲು. ಮುಂಗಾರಿನಲ್ಲಿ ಹಾರಾಟ ಸಲ್ಲದು. ಹಿಮಾಚಲ ಪ್ರದೇಶವೂ ಮಳೆಗಾಲದಲ್ಲಿ ಪ್ಯಾರಾಗ್ಲೈಡಿಂಗ್ ನಿಷೇಧಿಸುತ್ತದೆ. ತೇವಾಂಶ ಮತ್ತು ಬಿಸಿಲು ನೈಲಾನ್ ಬಟ್ಟೆಯ ಆಯುಷ್ಯವನ್ನು ಕುಗ್ಗಿಸುವುದರಿಂದ, ನೆರಳಿನಲ್ಲಿ ಒಣಗಿಸುವ ಹಾಗೂ ನಿಯತವಾಗಿ ಪರೀಕ್ಷಿಸುವ ವ್ಯವಸ್ಥೆ ಬೇಕು.

ವ್ಯಾವಹಾರಿಕ ಲೆಕ್ಕ

ಸವಾರಿಯ ಗ್ರಾಹಕನು ಕೆಲವೇ ನಿಮಿಷಗಳಲ್ಲಿ ಹಣ ತೆತ್ತು ತೆರಳುತ್ತಾನೆ. ಅಲ್ಲಿ ಆದಾಯವು ದಿನದ ಹಾರಾಟಗಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ, ಗಾಳಿ ಕೆಟ್ಟಾಗಲೂ ಹಾರುವ ಪ್ರಲೋಭನೆ ಸಹಜ. ವಿದ್ಯಾರ್ಥಿಯಾದರೋ ಹಲವು ದಿನ ತಂಗುತ್ತಾನೆ; ಗಾಳಿ ಒಲಿಯದ ದಿನ ಪಾಠ ಕೇಳುತ್ತಾನೆ. ಹೋಂಸ್ಟೇ, ಊಟ, ವಾಹನ ಎಲ್ಲಕ್ಕೂ ಕೆಲಸ ದೊರೆಯುತ್ತದೆ. ಒಂದೇ ಅಪಘಾತ ಇಡೀ ಜಿಲ್ಲೆಯ ಹೆಸರಿಗೆ ಕಳಂಕ ತರಬಲ್ಲದೆಂಬುದನ್ನೂ ಮರೆಯಲಾಗದು.

2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಸೇವೆ ಒದಗಿಸುವವರ ಹಾಗೂ ಉಪಕರಣಗಳ ನೋಂದಣಿಗೆ ಒತ್ತು ನೀಡಿದೆ. ಆದ್ದರಿಂದ ಆಸಕ್ತ ಸದಸ್ಯರು ರೆಕ್ಕೆ ಖರೀದಿಸುವ ಮೊದಲು ಸ್ಥಳೀಯ ಯುವಕ ಯುವತಿಯರನ್ನು ಬೀರ್ ಅಥವಾ ಕಾಮ್‌ಶೇತ್‌ನಂತಹ ಕೇಂದ್ರಗಳಲ್ಲಿ ಶಿಕ್ಷಕರನ್ನಾಗಿ ಸಿದ್ಧಗೊಳಿಸಿ, ಗದ್ದೆಗಳ ಮಾಲೀಕರೊಡನೆ ಒಪ್ಪಂದ ಮಾಡಿಕೊಳ್ಳುವುದು ಸೂಕ್ತ. ಬಂಡವಾಳ ಮೊದಲು ಮನುಷ್ಯರ ಮೇಲೆ ಬೀಳಲಿ. ಬಟ್ಟೆಯ ಮೇಲೆ ಆಮೇಲೆ.